ಜೀಪಿನಿಂದ ತೆಗೆದ ಗುಳಿಗೆ

2003ರ ಏಪ್ರಿಲ್ ತಿಂಗಳ ಒಂದು ರಾತ್ರಿ ಬ್ರಹ್ಮಪುರದ ಓಣಿಯೊಂದರಲ್ಲಿ ಮದುವೆಯ ಮೆರವಣಿಗೆ ಹೊರಟಿತ್ತು. ಮುಂದೆ ಬ್ಯಾಂಡಿನವರು, ನಡುವೆ ಕುದುರೆಯ ಮೇಲೆ ಮದುಮಗ, ಎರಡೂ ಬದಿಗೆ ತಲೆಯ ಮೇಲೆ ಲೈಟು ಹೊತ್ತ ಹೆಂಗಸರು, ಹುಡುಗರು. ಒಂದು ಲೈಟಿನಿಂದ ಮತ್ತೊಂದಕ್ಕೆ ವೈರು, ಕಡೆಯ ಲೈಟಿನಿಂದ ಜನರೇಟರ್ ಟ್ರಾಲಿಗೆ ವೈರು. ಆ ಟ್ರಾಲಿಯನ್ನು ಎಳೆಯುತ್ತಿದ್ದುದು ನಮ್ಮ ಜೀಪು. ಬ್ಯಾಂಡಿನವರು ನಿಂತು ಒಂದು ಹಾಡು ಮುಗಿಸಿ ಮತ್ತೆ ಹೆಜ್ಜೆ ಹಾಕಿದರು, ಲೈಟಿನ ಸಾಲು ಮುಂದೆ ಸರಿಯಿತು, ಜೀಪು ಮಾತ್ರ ಸರಿಯಲಿಲ್ಲ. ಎರಡು ತಾಸಿನಿಂದ ಹಾಫ್ ಕ್ಲಚ್‌ನಲ್ಲೇ ನಡೆದು ಕ್ಲಚ್ ಪ್ಲೇಟು ಬೆಂದು ಹೋಗಿತ್ತು. ವೈರು ಬಿಗಿಯಿತು. ಸಾಲಿನ ಕಡೆಯಲ್ಲಿದ್ದ ಹೆಂಗಸು ಹಿಂದಕ್ಕೆ ಮುಗ್ಗರಿಸಿ ಬಿದ್ದಳು, ತಲೆಯ ಮೇಲಿನ ಟ್ಯೂಬ್‌ಲೈಟ್ ಒಡೆದು ಚೂರು ಅವಳ ಹೆಗಲಿಗೆ ಚುಚ್ಚಿತು. ಗಾಬರಿಯಲ್ಲಿ ನಾವು ಆಕ್ಸಿಲರೇಟರ್ ಒತ್ತಿದಾಗ ಜೀಪು ಒಮ್ಮೆಲೆ ಮುಂದೆ ಜಿಗಿದು ಅವಳ ಕಾಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು.

ಮರುದಿನ ಬೆಳಿಗ್ಗೆ ಲೈಟಿಂಗ್ ಅಣ್ಣಾ ನಮ್ಮ ಗ್ಯಾರೇಜಿಗೆ ಬಂದರು. ಮದುವೆ, ಜಾತ್ರೆ, ಉರುಸ್, ಗಣಪತಿ ಎಲ್ಲಕ್ಕೂ ಲೈಟು ಕಟ್ಟುತ್ತಿದ್ದ ಅವರ ನಿಜವಾದ ಹೆಸರನ್ನು ಓಣಿಯಲ್ಲಿ ಯಾರೂ ಬಳಸುತ್ತಿರಲಿಲ್ಲ. ಅವರು ಸಿಟ್ಟು ಮಾಡಲಿಲ್ಲ. ಚಹಾ ಕುಡಿದು ಒಂದೇ ಮಾತು ಹೇಳಿದರು: "ನೋಡ್ರೆಪ್ಪಾ, ನನಗ ಓಡೋ ಗಾಡಿ ಬ್ಯಾಡ, ನಡೆಯೋ ಗಾಡಿ ಬೇಕು. ಮಾಡಿಕೊಡ್ರಿ, ಇಲ್ಲಾಂದ್ರ ಬ್ಯಾರೆ ಕಡೆ ನೋಡ್ಕೋತೀನಿ."

ನಾವು ಎಂದರೆ ಮೂವರು ಅಣ್ಣತಮ್ಮಂದಿರು. ಅಬ್ಬಾ ತೀರಿಹೋದ ಮೇಲೆ ಗ್ಯಾರೇಜು, ಜೀಪು, ಸಾಲ ಮೂರೂ ನಮಗೆ ಒಟ್ಟಿಗೆ ಬಂದಿದ್ದವು. ಮೂವರೂ ಒಂದೇ ಹೊಂಡದಲ್ಲಿ ಇಳಿದು ಕೆಲಸ ಮಾಡುವವರಾದ್ದರಿಂದ ಯಾವ ಬೋಲ್ಟು ಯಾರ ಕೈಯದ್ದು ಎಂದು ಹೇಳುವುದು ಕಷ್ಟ. ಈ ಬರಹದಲ್ಲಿಯೂ ಹಾಗೆಯೇ ಇರಲಿ. ಯಾವ ತಪ್ಪು ಯಾರದ್ದು ಎಂದು ಬಿಡಿಸಿ ಹೇಳುವ ಇರಾದೆ ನಮಗಿಲ್ಲ.

ಜೀಪಿನ ಬಗ್ಗೆ ಸ್ವಲ್ಪ ಹೇಳಬೇಕು. ಅದು ಅಬ್ಬಾ 1996ರಲ್ಲಿ ಡಿಸ್ಪೋಸಲ್‌ನಲ್ಲಿ ಕೊಂಡ ಸಿಜೆ-3ಬಿ, ಎತ್ತರದ ಬಾನೆಟ್‌ನ ಹಳೆಯ ಮಾದರಿ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿ, ಆರ್.ಸಿ. ಪುಸ್ತಕದಲ್ಲಿ ಆ ಬದಲಾವಣೆಯನ್ನು ಸರಿಯಾಗಿ ಬರೆಸಿದ್ದರು. ಈ ಜೀಪಿನ ಮೂಲ 1941ರ ಸುಮಾರಿಗೆ ಅಮೆರಿಕದ ಸೈನ್ಯಕ್ಕೆಂದು ತಯಾರಾದ ವಿಲ್ಲೀಸ್ ಜೀಪು. ನಮ್ಮ ದೇಶದಲ್ಲಿ ಅದನ್ನು ಜೋಡಿಸಿದ ಕಂಪನಿ 1945ರಲ್ಲಿ ಶುರುವಾದಾಗ ಅದರ ಹೆಸರು ಮಹೀಂದ್ರ ಅಂಡ್ ಮಹಮ್ಮದ್ ಎಂದಿತ್ತು ಎಂಬುದನ್ನು ಅಬ್ಬಾ ಬಂದವರಿಗೆಲ್ಲ ಹೇಳುತ್ತಿದ್ದರು. ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸಹೋದರರ ಜೊತೆಗಿದ್ದ ಪಾಲುದಾರ ಮಲಿಕ್ ಗುಲಾಮ್ ಮಹಮ್ಮದ್. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. 'ಎಂ ಅಂಡ್ ಎಂ' ಎಂಬ ಎರಡು ಅಕ್ಷರ ಬದಲಾಗಬೇಕಾಗಿ ಬರಲಿಲ್ಲ ಎಂದು ಅಬ್ಬಾ ನಗುತ್ತಿದ್ದರು. ಆ ನಗುವಿನಲ್ಲಿ ಸ್ವಲ್ಪ ಬೇರೆಯದೂ ಇತ್ತು.

ಇಂಥ ಜೀಪಿನಲ್ಲಿ ಗೇರ್ ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ, ಟ್ರಾನ್ಸ್‌ಫರ್ ಕೇಸ್. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೂ ಬೇಕಾದಾಗ ಮುಂದಿನ ಚಕ್ರಗಳಿಗೂ ಹಂಚುವುದು ಅದರ ಕೆಲಸ. ಡ್ರೈವರನ ಪಕ್ಕದಲ್ಲಿ ದೊಡ್ಡ ಗೇರ್ ಲಿವರ್ ಅಲ್ಲದೆ ಎರಡು ಚಿಕ್ಕ ಲಿವರ್‌ಗಳಿರುತ್ತವೆ. ಒಂದು, ಮುಂದಿನ ಆಕ್ಸಲನ್ನು ಸೇರಿಸಲು ಅಥವಾ ಬಿಡಿಸಲು. ಇನ್ನೊಂದು, ಹೈ ಮತ್ತು ಲೋ ಬದಲಿಸಲು. ಲೋ ಹಾಕಿದರೆ ವೇಗ ಸುಮಾರು ಎರಡೂವರೆ ಪಟ್ಟು ಕಡಿಮೆಯಾಗುತ್ತದೆ, ಎಳೆಯುವ ಬಲ ಅಷ್ಟೇ ಪಟ್ಟು ಹೆಚ್ಚುತ್ತದೆ. ನಮ್ಮ ಜೀಪಿನ ಲೆಕ್ಕ ಹೀಗಿತ್ತು: ಫಸ್ಟ್ ಗೇರ್ 2.8, ಟ್ರಾನ್ಸ್‌ಫರ್ ಕೇಸಿನ ಲೋ 2.46, ಆಕ್ಸಲಿನ ಕ್ರೌನ್ ವೀಲ್ 5.38. ಮೂರನ್ನೂ ಗುಣಿಸಿದರೆ 37. ಎಂದರೆ ಎಂಜಿನ್ 37 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಆಕ್ಸಿಲರೇಟರ್ ಮುಟ್ಟದೆ ಬಿಟ್ಟರೆ ನಮ್ಮ ಡೀಸೆಲ್ ಎಂಜಿನ್ ನಿಮಿಷಕ್ಕೆ 700 ಸುತ್ತು ಸುತ್ತುತ್ತಿತ್ತು. ಆಗ ಹೈನಲ್ಲಿ ಜೀಪಿನ ವೇಗ ಗಂಟೆಗೆ ಆರು ಕಿಲೋಮೀಟರಿಗೂ ಹೆಚ್ಚು, ಲೋನಲ್ಲಿ ಎರಡೂವರೆ. ತಲೆಯ ಮೇಲೆ ಲೈಟು ಹೊತ್ತ ಹೆಂಗಸು ಬ್ಯಾಂಡಿನ ಹಿಂದೆ ನಡೆಯುವ ವೇಗವೂ ಹೆಚ್ಚು ಕಡಿಮೆ ಅದೇ. ಲೈಟಿಂಗ್ ಅಣ್ಣಾ ಕೇಳಿದ 'ನಡೆಯೋ ಗಾಡಿ' ಜೀಪಿನ ಹೊಟ್ಟೆಯೊಳಗೆ ಮೊದಲೇ ಇತ್ತು.

ಹಾಗಾದರೆ ಲೋ ಹಾಕಿಕೊಂಡೇ ನಡೆಸಬಹುದಿತ್ತಲ್ಲ ಎಂದು ಕೇಳಬಹುದು. ನಡೆಸಿ ನೋಡಿದ್ದೆವು. ಈ ಟ್ರಾನ್ಸ್‌ಫರ್ ಕೇಸನ್ನು ಮಾಡಿದವರು ಒಂದು ಕಟ್ಟು ಹಾಕಿದ್ದಾರೆ: ಮುಂದಿನ ಆಕ್ಸಲನ್ನು ಸೇರಿಸದೆ ಲೋ ಬೀಳುವುದಿಲ್ಲ. ಲೋ ಎಂದರೆ ನಾಲ್ಕೂ ಚಕ್ರ ಎಳೆಯಲೇಬೇಕು. ಕೆಸರಿನಲ್ಲಿ, ಮರಳಿನಲ್ಲಿ ಅದು ಸರಿ. ಗಟ್ಟಿ ರಸ್ತೆಯಲ್ಲಿ ಹಾಗಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ, ಹೆಚ್ಚು ದೂರ ಉರುಳಬೇಕಾಗುತ್ತದೆ. ಟ್ರಾನ್ಸ್‌ಫರ್ ಕೇಸಿನೊಳಗೆ ಮುಂದಿನ ಶಾಫ್ಟು ಹಿಂದಿನ ಶಾಫ್ಟು ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ಹಾಗೆ ಹೆಚ್ಚು ಉರುಳಲು ಅವಕ್ಕೆ ಬಿಡುವಿಲ್ಲ. ಕೆಸರಾದರೆ ಟೈರು ಸ್ವಲ್ಪ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಸಿಮೆಂಟಿನ ಓಣಿಯಲ್ಲಿ ಟೈರು ಜಾರುವುದಿಲ್ಲ, ಶಾಫ್ಟುಗಳು ಹುರಿಗೊಳ್ಳುತ್ತವೆ. ಸ್ಟೇರಿಂಗ್ ಕಲ್ಲಿನಂತಾಗುತ್ತದೆ, ಟೈರು ಕಿರುಚುತ್ತದೆ, ಲಿವರ್ ಎಳೆದರೂ ಹೊರಬರುವುದಿಲ್ಲ. ನಮ್ಮ ಹಳೆಯ ಓಣಿಗಳಲ್ಲಿ ಪ್ರತಿ ಐವತ್ತು ಹೆಜ್ಜೆಗೆ ಒಂದು ತಿರುವು. ಟ್ರಾಲಿಯೊಂದಿಗೆ ತಿರುಗುವಾಗ ಜೀಪು ಒಮ್ಮೆ ಗೋಡೆಗೆ ಮೂತಿ ಕೊಟ್ಟು ನಿಂತದ್ದೂ ಉಂಟು. ನಮಗೆ ಬೇಕಾಗಿದ್ದುದು ಲೋ ಗೇರು, ಆದರೆ ಎರಡೇ ಚಕ್ರ. ಕಂಪನಿ ಕೊಡದ ಜೋಡಿ.

ಆ ಕಟ್ಟು ಎಂದರೆ ಏನು ಮಹಾ? ಎರಡು ಚಿಕ್ಕ ಲಿವರ್‌ಗಳಿಗೆ ಎರಡು ರಾಡುಗಳಿವೆ, ಅಕ್ಕಪಕ್ಕದಲ್ಲಿ. ಎರಡರ ನಡುವೆ ಒಂದು ಚಿಕ್ಕ ಉಕ್ಕಿನ ತುಂಡು, ದುಂಡು ತುದಿಯದ್ದು, ಆಸ್ಪತ್ರೆಯ ಗುಳಿಗೆಯ ಹಾಗೆ. ರಾಡುಗಳಲ್ಲಿ ಅದು ಕೂರಲು ಗುಳಿ ಕೊರೆದಿರುತ್ತಾರೆ. ಮುಂದಿನ ಆಕ್ಸಲಿನ ರಾಡು ಸರಿದು ಜಾಗ ಬಿಟ್ಟಾಗ ಮಾತ್ರ ಗುಳಿಗೆ ಪಕ್ಕಕ್ಕೆ ಸರಿದು ಇನ್ನೊಂದು ರಾಡನ್ನು ಲೋ ಕಡೆ ಬಿಡುತ್ತದೆ. ಅಷ್ಟೇ. ತೂಕ ಹಾಕಿದರೆ ಒಂದು ಸುಪಾರಿಯಷ್ಟೂ ಇರಲಿಕ್ಕಿಲ್ಲ.

ಆ ಗುಳಿಗೆಯನ್ನು ತೆಗೆಯೋಣ ಎಂದಾಗ ಬೇಡವೆಂದವರು ಉಸ್ತಾದರು. ಅಬ್ಬಾನ ಜೊತೆ ಕೆಲಸ ಮಾಡಿದವರು, ನಮಗೆ ಪಾನಾ ಹಿಡಿಯಲು ಕಲಿಸಿದವರು. ಆಗಲೇ ಕಣ್ಣು ಮಂಜಾಗಿ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದರು, ಎಂಜಿನ್ನಿನ ಸದ್ದಿನಿಂದಲೇ ರೋಗ ಹೇಳುತ್ತಿದ್ದರು. ಅವರ ದಖ್ನಿ ಮಾತನ್ನು ಕನ್ನಡಕ್ಕೆ ತಂದರೆ ಹೀಗೆ: "ಲೋನಲ್ಲಿ ಎರಡೂವರೆ ಪಟ್ಟು ಬಲ ಬರ್ತದೆ. ನಾಲ್ಕು ಚಕ್ರ ಹೊರೋದನ್ನ ಎರಡೇ ಚಕ್ರದ ಆಕ್ಸಲ್ ಮೇಲೆ ಹಾಕ್ತೀರಾ? ಆ ಗುಳಿಗೆ ಜೀಪಿಗೆ ಹಾಕಿದ್ದಲ್ಲ ಮಕ್ಕಳೇ, ಡ್ರೈವರ್‌ಗೆ ಹಾಕಿದ್ದು."

ನಾವು ವಾದ ಮಾಡಿದೆವು. ಓಣಿಯ ಸಪಾಟು ರಸ್ತೆಯಲ್ಲಿ ಒಂದು ಟನ್ನಿನ ಟ್ರಾಲಿ ಎಳೆಯಲು ಆಕ್ಸಲ್ ಮುರಿಯುವಷ್ಟು ಬಲ ಯಾಕೆ ಬೇಕು? ಆಕ್ಸಿಲರೇಟರ್ ಮುಟ್ಟುವುದೇ ಇಲ್ಲ. ಹಿಂದಿನ ಚಕ್ರಗಳ ಮೇಲೆ ಭಾರ ಕಡಿಮೆ ಇದ್ದರೆ ಆಕ್ಸಲ್ ಮುರಿಯುವ ಮೊದಲು ಟೈರು ಜಾರುತ್ತದೆ, ಅದೂ ಒಂದು ರಕ್ಷಣೆಯೇ. ಲೆಕ್ಕ ತಪ್ಪಾಗಿರಲಿಲ್ಲ, ಇವತ್ತಿಗೂ ತಪ್ಪಲ್ಲ. ಉಸ್ತಾದರು ನಮ್ಮ ಲೆಕ್ಕಕ್ಕೆ ಉತ್ತರ ಕೊಡದೆ ಎದ್ದು ಅಸರ್ ನಮಾಜಿಗೆ ಹೋದರು. ಅವರು ಹೇಳಿದ್ದು ಲೆಕ್ಕದ ಮಾತಲ್ಲ ಎಂದು ಆಗ ನಮಗೆ ತಿಳಿಯಲಿಲ್ಲ.

ಕೆಲಸ ಒಂದು ಮಧ್ಯಾಹ್ನದ್ದು. ಆಯಿಲ್ ಇಳಿಸಿ, ಮುಂದಿನ ಜಾಯಿಂಟ್ ಶಾಫ್ಟು ಬಿಚ್ಚಿ, ಲಿವರ್‌ಗಳ ಪಿನ್ನು ತೆಗೆದು, ಮುಂದಿನ ಕ್ಯಾಪು ಕಳಚಿದೆವು. ಬದಿಯ ಪ್ಲಗ್ಗು ಬಿಚ್ಚಿದರೆ ಸ್ಪ್ರಿಂಗು, ಅದರ ಹಿಂದೆ ಉಕ್ಕಿನ ಗುಂಡು. ಇವು ಲಿವರನ್ನು ಅದರ ಜಾಗದಲ್ಲಿ ಹಿಡಿದಿಡುವಂಥವು, ಕಳೆದರೆ ಗೇರು ತಾನಾಗಿಯೇ ಜಾರಿಬಿಡುತ್ತದೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಹಳೆಯ ಬನಿಯನ್ ಹಾಸಿ ಒಂದೊಂದನ್ನೂ ಸಾಲಾಗಿ ಇಟ್ಟೆವು. ರಾಡು ಎಳೆದಾಗ ಗುಳಿಗೆ ಅಂಗೈಗೆ ಬಿತ್ತು. ರಾಡು, ಗುಂಡು, ಸ್ಪ್ರಿಂಗು ಮತ್ತೆ ಕೂರಿಸಿ, ಹೊಸ ಪ್ಯಾಕಿಂಗ್ ಹಾಕಿ, 90 ನಂಬರ್ ಆಯಿಲ್ ತುಂಬಿದೆವು. ಗುಳಿಗೆಯನ್ನು ಒಂದು ಖಾಲಿ ಗ್ರೀಸ್ ಡಬ್ಬಿಗೆ ಹಾಕಿದೆವು. ಮುಂದಿನ ಆಕ್ಸಲ್ ಬಿಡಿಸಿ, ಲೋ ಲಿವರ್ ಎಳೆದಾಗ ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಆ ಸಂಜೆ ಗ್ಯಾರೇಜಿನಿಂದ ಸೂಪರ್ ಮಾರ್ಕೆಟ್‌ವರೆಗೆ ನಮ್ಮಲ್ಲಿ ಒಬ್ಬ ಜೀಪಿನ ಪಕ್ಕದಲ್ಲಿ ನಡೆಯುತ್ತ, ಇನ್ನೊಬ್ಬ ಕಾಲನ್ನು ಪೆಡಲ್‌ಗಳಿಂದ ಪೂರಾ ತೆಗೆದು ಸ್ಟೇರಿಂಗ್ ಮಾತ್ರ ಹಿಡಿದು ಹೋದೆವು. ನಡೆಯುವವನು ಹಿಂದೆ ಬೀಳಲಿಲ್ಲ, ಮುಂದೂ ಹೋಗಲಿಲ್ಲ.

ಆಮೇಲಿನ ಮೂರು ವರ್ಷ ಆ ಜೀಪು ನಮ್ಮ ಅನ್ನದ ತಾಟು ಎಂದರೆ ತಪ್ಪಿಲ್ಲ. 2004ರ ಜನವರಿಯಲ್ಲಿ ಖ್ವಾಜಾ ಬಂದೇ ನವಾಜ್ ಉರುಸ್‌ನ ಸಂದಲ್ ಹೊರಟ ಸಂಜೆ ಒಂದು ಮೊಹಲ್ಲಾದ ಗುಂಪಿನ ಹಿಂದೆ ಅದೇ ಜೀಪು, ಅದೇ ಟ್ರಾಲಿ. ಹೋಳಿಯ ನಂತರ ಶರಣಬಸವೇಶ್ವರರ ಜಾತ್ರೆಯ ದಿನಗಳಲ್ಲಿಯೂ ಅದೇ ಜೀಪು. ಲೈಟು ಹೊತ್ತವರೂ ಅವರೇ, ವೈರೂ ಅದೇ. ಕಲಬುರಗಿಯಲ್ಲಿ ಇದು ಹೊಸ ಮಾತೇನಲ್ಲ, ಪತ್ರಿಕೆಯಲ್ಲಿ ಹೊಗಳಿಕೊಳ್ಳುವಂಥದ್ದೂ ಅಲ್ಲ. ಜನರೇಟರಿಗೆ ಡೀಸೆಲ್ ಬೇಕು, ಜೀಪಿಗೆ ಕ್ಲಚ್ ಬೇಕು, ಮೆರವಣಿಗೆ ಯಾರದ್ದೆಂದು ಅವು ಕೇಳುವುದಿಲ್ಲ. ಮೂರು ವರ್ಷದಲ್ಲಿ ಕ್ಲಚ್ ಪ್ಲೇಟು ಒಮ್ಮೆಯೂ ಬದಲಿಸಲಿಲ್ಲ. ಮೊದಲು ಪ್ರತಿ ಹಂಗಾಮಿಗೆ ಒಂದು ಹೋಗುತ್ತಿತ್ತು.

ಸುದ್ದಿ ಹರಡಿತು. ಬೇರೆಯವರೂ ಜೀಪು ತಂದರು. ಒಬ್ಬರು ಆಳಂದದ ಕಡೆಯವರು, ನೀರಿನ ಟ್ಯಾಂಕರ್ ಎಳೆಯುವವರು. ಒಬ್ಬರು ಚಿಂಚೋಳಿ ಕಡೆಯ ಗುತ್ತಿಗೆದಾರರು. ಇನ್ನೊಬ್ಬರ ಊರು ಕೂಡ ನಾವು ಕೇಳಲಿಲ್ಲ. ನಗದು ಕೊಟ್ಟು, ಚಹಾ ಕುಡಿದು ಹೋದರು. ಮೂರು ಜೀಪುಗಳ ಗುಳಿಗೆ ತೆಗೆದೆವು. ಗ್ರೀಸ್ ಡಬ್ಬಿಯಲ್ಲಿ ನಾಲ್ಕು ಗುಳಿಗೆಗಳಾದವು.

2006ರ ಸೆಪ್ಟೆಂಬರ್. ಮೆರವಣಿಗೆಗಳಿಲ್ಲದ ಒಂದು ವಾರ. ಕಮಲಾಪುರದಲ್ಲಿ ನಮ್ಮ ಪರಿಚಯದವರೊಬ್ಬರ ಬಾಳೆ ತೋಟವಿತ್ತು. ಕಮಲಾಪುರದ ಕೆಂಪು ಬಾಳೆ ಎಂದರೆ ಗೊತ್ತಲ್ಲ, ಈಗ ಭೌಗೋಳಿಕ ಗುರುತು ಪಡೆದಿರುವಂಥದ್ದು. ಸುತ್ತಲೆಲ್ಲ ಕರಿಮಣ್ಣಿನ ಬಯಲು, ಅಲ್ಲಿ ಮಾತ್ರ ಕೆಂಪುಮಣ್ಣಿನ ದಿಣ್ಣೆ, ತಗ್ಗು. ತಗ್ಗಿನ ತೋಟದಿಂದ ಗೊನೆಗಳನ್ನು ಹುಮನಾಬಾದ್ ರಸ್ತೆಗೆ ಏರಿಸಬೇಕಾಗಿತ್ತು. ಟ್ರ್ಯಾಕ್ಟರ್ ಸಿಗದೆ ನಮ್ಮ ಜೀಪು ಕೇಳಿದರು. ನಮಗೆ ಮೂವರಿಗೂ ಗ್ಯಾರೇಜಿನಲ್ಲಿ ಕೆಲಸವಿತ್ತು. ಖಾಲಾನ ಮಗನನ್ನು ಕಳಿಸಿದೆವು. ಇಪ್ಪತ್ತೆರಡು ವರ್ಷದ ಹುಡುಗ, ಇನ್ನೊಬ್ಬರ ಬಳಿ ಇಂಥದೇ ಜೀಪು ಓಡಿಸಿ ಪಳಗಿದವ. ಬೀಗದ ಕೈ ಕೊಟ್ಟೆವು, ಡೀಸೆಲ್ ತುಂಬಿಸಿದೆವು, ಬ್ರೇಕ್ ಆಯಿಲ್ ನೋಡಿದೆವು. ಗುಳಿಗೆಯ ಮಾತು ಯಾರ ಬಾಯಿಗೂ ಬರಲಿಲ್ಲ. ಮೂರು ವರ್ಷದಲ್ಲಿ ಅದು ನಮಗೆ ಅಷ್ಟು ಸಹಜವಾಗಿ ಹೋಗಿತ್ತು.

ಆ ಹುಡುಗ ಕಲಿತಿದ್ದ ಜೀಪಿನಲ್ಲಿ ಗುಳಿಗೆ ಇತ್ತು. ಅಲ್ಲಿ ಮುಂದಿನ ಆಕ್ಸಲ್ ಹಾಕಲು ಮರೆತರೆ ಲೋ ಬೀಳುವುದೇ ಇಲ್ಲ, ಲಿವರೇ ನೆನಪಿಸುತ್ತದೆ. ಹಾಗಾಗಿ ಅವನ ಕೈಗೆ ಒಂದು ಪಾಠ ಕೂತಿತ್ತು: ಲೋ ಬಿತ್ತೆಂದರೆ ನಾಲ್ಕೂ ಚಕ್ರ ಬಿದ್ದಿವೆ. ಆ ದಿನ ತಗ್ಗಿನಲ್ಲಿ ಅವನು ಲೋ ಲಿವರ್ ಎಳೆದ, ಬಿತ್ತು. ನಾಲ್ಕೂ ಚಕ್ರ ಎಳೆಯುತ್ತಿವೆ ಎಂದುಕೊಂಡ. ಟ್ರಾಲಿಯ ತುಂಬ ಗೊನೆ, ಗೊನೆಗಳ ಮೇಲೆ ಮೂವರು ಆಳುಗಳು, ಅವರಲ್ಲಿ ಒಬ್ಬ ಹದಿನಾಲ್ಕರ ಹುಡುಗ. ಏರಿನ ಮುಕ್ಕಾಲು ದಾರಿಯಲ್ಲಿ ಹಿಂದಿನ ಚಕ್ರ ಹಸಿ ಮಣ್ಣಿನಲ್ಲಿ ಗಿರಗಿರ ತಿರುಗಿ, ಒಮ್ಮೆಲೆ ಒಂದು ಕಲ್ಲಿಗೆ ಕಚ್ಚಿಕೊಂಡಿತು. 'ಟಪ್' ಎಂಬ ಸದ್ದು. ಆಕ್ಸಲ್ ತುಂಡಾಯಿತು.

ಇಲ್ಲಿ ಜೀಪಿನ ಇನ್ನೊಂದು ಸಂಗತಿಯನ್ನು ಹೇಳಲೇಬೇಕು, ಏಕೆಂದರೆ ಮೂರು ವರ್ಷ ಆ ಜೀಪಿನ ಅಡಿಯಲ್ಲೇ ಮಲಗಿದ್ದ ನಮಗೂ ಅದು ಹೊಳೆದಿರಲಿಲ್ಲ. ಈ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಗಳಿಗೆ ಇಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟಿನ ಬುಡದಲ್ಲಿ ಒಂದು ಡ್ರಮ್ಮಿದೆ, ಅದನ್ನು ಹಿಡಿಯುತ್ತದೆ. ಶಾಫ್ಟು ನಿಂತರೆ ಚಕ್ರ ನಿಲ್ಲಬೇಕು. ಆದರೆ ಒಂದು ಬದಿಯ ಆಕ್ಸಲ್ ತುಂಡಾದರೆ ಡಿಫರೆನ್ಶಿಯಲ್ಲಿನೊಳಗೆ ಎಲ್ಲ ಸಡಿಲ. ಎಂಜಿನ್ ಹಿಡಿಯುವುದಿಲ್ಲ, ಹ್ಯಾಂಡ್ ಬ್ರೇಕೂ ಹಿಡಿಯುವುದಿಲ್ಲ. ಮುಂದಿನ ಆಕ್ಸಲ್ ಸೇರಿದ್ದಿದ್ದರೆ ಎರಡೂ ಹಿಡಿತ ಮುಂದಿನ ಚಕ್ರಗಳ ಮೂಲಕ ಉಳಿಯುತ್ತಿತ್ತು. ಮೊದಲ ಮಾತೆಂದರೆ ನಾಲ್ಕು ಚಕ್ರಕ್ಕೆ ಬಲ ಹಂಚಿಹೋಗಿ ಆಕ್ಸಲ್ ತುಂಡಾಗುತ್ತಲೇ ಇರಲಿಲ್ಲವೇನೋ. ನಾವು ತೆಗೆದಿದ್ದು ಆಕ್ಸಲನ್ನು ಕಾಯುವ ಕಟ್ಟು ಎಂದುಕೊಂಡಿದ್ದೆವು. ಏರಿನಲ್ಲಿ ಗಾಡಿ ಹಿಂದೆ ಬರದಂತೆ ತಡೆಯುವುದೂ ಅದರ ಜೊತೆಗೇ ಹೋಗಿತ್ತು.

ಹುಡುಗ ಕಾಲಿನ ಬ್ರೇಕ್ ಒತ್ತಿ ನಿಂತ. ಚಕ್ರಗಳೇನೋ ನಿಂತವು, ಆದರೆ ಬ್ರೇಕಿಲ್ಲದ ಟ್ರಾಲಿ ಹಿಂದಕ್ಕೆ ಜಗ್ಗುತ್ತಿತ್ತು. ಹಸಿ ಮಣ್ಣಿನ ಮೇಲೆ ಎಲ್ಲವೂ ಜಾರತೊಡಗಿತು. ಟ್ರಾಲಿ ಅಡ್ಡ ತಿರುಗಿ ಮಗುಚಿತು. ಇಬ್ಬರು ಜಿಗಿದರು. ಚಿಕ್ಕವನ ಕಾಲು ಟ್ರಾಲಿಯ ಹಲಗೆಯ ಕೆಳಗೆ ಸಿಕ್ಕಿತು. ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದಿತ್ತು.

ನಾವು ತಲುಪುವಷ್ಟರಲ್ಲಿ ಹುಡುಗನನ್ನು ಆಸ್ಪತ್ರೆಗೆ ಸಾಗಿಸಿದ್ದರು. ಜೀಪು ಏರಿನ ಬುಡದಲ್ಲಿ ಓರೆಯಾಗಿ ನಿಂತಿತ್ತು, ಸುತ್ತ ಕೆಂಪು ಬಾಳೆಯ ಗೊನೆ ಚೆಲ್ಲಾಡಿದ್ದವು, ಜನ ಸೇರಿದ್ದರು. ಜೀಪಿನೊಳಗೆ ಹತ್ತಿ ಮೊದಲು ನೋಡಿದ್ದು ಚಿಕ್ಕ ಲಿವರ್‌ಗಳನ್ನು. ಒಂದು ಲೋನಲ್ಲಿತ್ತು. ಇನ್ನೊಂದು, ಮುಂದಿನ ಆಕ್ಸಲಿನದ್ದು, ಬಿಟ್ಟ ಜಾಗದಲ್ಲೇ ಇತ್ತು. ನಮಗೆ ಆ ಕ್ಷಣದಲ್ಲೇ ಎಲ್ಲ ಅರ್ಥವಾಯಿತು. ಯಾರೂ ಗಮನಿಸುವ ಮೊದಲೇ ನಮ್ಮ ಕೈ ಲೋ ಲಿವರನ್ನು ಹೈಗೆ ತಳ್ಳಿಬಿಟ್ಟಿತು.

ಯಾಕೆ ತಳ್ಳಿದೆವು ಎಂದು ಈಗ ಬಗೆಬಗೆಯಾಗಿ ವಿವರಿಸಬಹುದು. ಒಂದೇ ಕಾರಣ ಹೇಳಿದರೆ ಸಾಕು, ಹೆದರಿದ್ದೆವು. ಲೋ ಇದ್ದು ಮುಂದಿನ ಆಕ್ಸಲ್ ಇಲ್ಲದ ಜೀಪನ್ನು ಕಂಡರೆ ತಿಳಿದವನು ಕೇಳುತ್ತಾನೆ, ಇದು ಹೇಗೆ ಸಾಧ್ಯ ಎಂದು. ಎರಡೂ ಇಲ್ಲದಿದ್ದರೆ ಡ್ರೈವರನ ತಪ್ಪು: ಏರಿನಲ್ಲಿ ಲೋ ಹಾಕಲಿಲ್ಲ, ಫೋರ್ ವೀಲ್ ಹಾಕಲಿಲ್ಲ, ಮಂದಿ ಕೂರಿಸಿಕೊಂಡು ಹೈನಲ್ಲಿ ಗುಮ್ಮಿದ. ಹಾಗೆಯೇ ಆಯಿತು. ತೋಟದವರು ಹಾಗೆಂದರು, ಬಂಧುಗಳು ಹಾಗೆಂದರು, ನಾವು ಸುಮ್ಮನಿದ್ದೆವು. "ಲೋ ಹಾಕಿದ್ದೆ ಭಾಯ್, ಅಲ್ಲಾನ ಮೇಲೆ ಆಣೆ, ಹಾಕಿದ್ದೆ" ಎಂದು ಅವನು ನಮ್ಮ ಮುಂದೆಯೇ ಅತ್ತಾಗಲೂ ಸುಮ್ಮನಿದ್ದೆವು. ಅವನು ಗಾಡಿ ಬಿಟ್ಟ. ಹಣ್ಣಿನ ಬಂಡಿ ತಳ್ಳುತ್ತಾನೆ ಎಂಬ ಸುದ್ದಿ ಬಂತು.

ಆಸ್ಪತ್ರೆಯ ಖರ್ಚನ್ನು ನಾವೇ ಕೊಟ್ಟೆವು. ಅದಕ್ಕೆ ಜನ ನಮ್ಮನ್ನು ಹೊಗಳಿದರು. ಆ ಹೊಗಳಿಕೆ ಕೇಳಿಸಿಕೊಂಡು ಊಟ ಮಾಡುವುದು ಎಂಥದ್ದು ಎಂದು ಬರೆಯಲು ಹೋಗುವುದಿಲ್ಲ.

ಎರಡು ತಿಂಗಳ ಮೇಲೆ ಹೊಸ ಆಕ್ಸಲ್ ಹಾಕುವಾಗ ಉಸ್ತಾದರು ಜೀಪಿನ ಬಳಿ ಬಂದು ಕುಳಿತರು. ಕಣ್ಣು ಕಾಣದಿದ್ದರೂ ಕೈಯಿಂದ ತಡವಿ ಎರಡೂ ಲಿವರ್‌ಗಳನ್ನು ಹಿಡಿದರು. ಮುಂದಿನದನ್ನು ಬಿಡಿಸಿ, ಲೋ ಎಳೆದರು. ಬಿತ್ತು. ಅವರು ಏನೂ ಹೇಳಲಿಲ್ಲ. ಮತ್ತೊಮ್ಮೆ ಹೈಗೆ ತಂದು, ಮತ್ತೊಮ್ಮೆ ಲೋಗೆ ಎಳೆದರು. ಆಮೇಲೆ, "ಆ ಹುಡುಗ ಸುಳ್ಳು ಹೇಳಿರಲಿಲ್ಲ" ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

ಮೊದಲು ಖಾಲಾನ ಮನೆಗೆ ಹೋದೆವು. ಹೇಳುವುದನ್ನೆಲ್ಲ ಹೇಳಿದ ಮೇಲೆ ಖಾಲಾ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕೇಳಿದ್ದು, "ಎರಡು ತಿಂಗಳು?" ಎಂದು ಮಾತ್ರ. ಅವರ ಮಗ ಎದ್ದು ಹೊರಗೆ ಹೋದ. ಅವನು ಮತ್ತೆ ನಮ್ಮ ಗ್ಯಾರೇಜಿಗೆ ಬಂದದ್ದು ಮೂರು ವರ್ಷದ ನಂತರ, ಅದೂ ಬೇರೆ ಯಾರದೋ ಗಾಡಿಯ ಕೆಲಸಕ್ಕೆ.

ಕಮಲಾಪುರದಲ್ಲಿ ಆ ಹುಡುಗನ ಅಪ್ಪ ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿದರು. ಹುಡುಗನ ಕಾಲಿಗೆ ರಾಡು ಹಾಕಿದ್ದರು. ಮೂಳೆ ಕೂಡಿತ್ತು, ಕಾಲು ಮಾತ್ರ ತುಸು ಗಿಡ್ಡವಾಗಿ ಉಳಿದಿದೆ. ಇವತ್ತಿಗೂ ಹಾಗೆಯೇ ಇದೆ. ನಾವು ಕ್ಷಮೆ ಕೇಳಿದೆವು. ಅವರು ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಗುಳಿಗೆ ಎಂದರೇನು, ಎಲ್ಲಿರುತ್ತದೆ, ಹೇಗೆ ತೆಗೆಯುತ್ತಾರೆ ಎಂದು ಕೂಲಂಕಷವಾಗಿ ಕೇಳಿದರು. ನಾವು ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದೆವು. ಎಲ್ಲ ಕೇಳಿ ಅವರು ಹೇಳಿದ್ದು ಇದು: "ಹಂಗ ತೆಗದ ಗಾಡಿ ಇನ್ನೂ ಎಷ್ಟು ಅದಾವ್ರಿ?"

ಮೂರು ಎಂದೆವು. "ಮತ್ತ ಇಲ್ಲಿ ಯಾಕ ಕುಂತೀರಿ?" ಎಂದರು.

ಆಳಂದದ ಟ್ಯಾಂಕರಿನವರು ಒಂದೇ ದಿನದಲ್ಲಿ ಸಿಕ್ಕರು. ಗುಳಿಗೆ ಮತ್ತೆ ಹಾಕಲು ಒಪ್ಪಲಿಲ್ಲ, ಕೆಲಸಕ್ಕೆ ಅನುಕೂಲವಾಗಿದೆಯಲ್ಲ ಎಂದರು. ಅವರಿಗೆ ಕಮಲಾಪುರದ ಕಥೆ ಹೇಳಬೇಕಾಯಿತು. ಹೇಳಿದ ಮೇಲೆ ಅವರೇ ಜ್ಯಾಕು ತಂದರು. ಚಿಂಚೋಳಿಯ ಗುತ್ತಿಗೆದಾರರು ಜೀಪನ್ನು ಬೀದರ್ ಕಡೆಯವರಿಗೆ ಮಾರಿದ್ದರು. ಅವರನ್ನು ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಆ ಜೀಪು ಆಗ ಒಂದು ಕಲ್ಲಿನ ಗಣಿಯಲ್ಲಿತ್ತು, ಮೂವರು ಬೇರೆ ಬೇರೆ ಡ್ರೈವರುಗಳು ಓಡಿಸುತ್ತಿದ್ದರು, ಒಬ್ಬನಿಗೂ ವಿಷಯ ಗೊತ್ತಿರಲಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿ‌ಡುತ್ತೇವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರಗಳು ಬದಲಾಗುವಂತೆ ಮಾರ್ಪಡಿಸಬಾರದು ಎನ್ನುತ್ತದೆ. ಅಬ್ಬಾ ಎಂಜಿನ್ ಬದಲಿಸಿದ್ದು ಆರ್.ಸಿ. ಪುಸ್ತಕದಲ್ಲಿದೆ. ಗುಳಿಗೆ ತೆಗೆದದ್ದನ್ನು ಬರೆಯಲು ಅದರಲ್ಲಿ ಅಂಕಣವೇ ಇಲ್ಲ. ಜೀಪು ಕೊಳ್ಳುವವನು ಬಾನೆಟ್ ಎತ್ತಿ ನೋಡುತ್ತಾನೆ, ಟೈರು ಒದ್ದು ನೋಡುತ್ತಾನೆ. ಟ್ರಾನ್ಸ್‌ಫರ್ ಕೇಸಿನೊಳಗೆ ಇಲ್ಲದಿರುವ ಒಂದು ತುಂಡನ್ನು ಹೇಗೆ ನೋಡುತ್ತಾನೆ?

ಲೋ ಗೇರಿನಲ್ಲಿ ಎರಡೇ ಚಕ್ರ ಓಡಿಸುವುದೇ ಪಾಪ ಎಂದು ನಾವು ಹೇಳುತ್ತಿಲ್ಲ. ಗಟ್ಟಿ ನೆಲದಲ್ಲಿ, ಹಗುರ ಭಾರಕ್ಕೆ, ಬಿಗಿ ತಿರುವಿಗೆ, ಟ್ರಾಲಿಯನ್ನು ನಿಧಾನ ಹಿಂದೆ ತರುವುದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಈಚಿನ ಥಾರ್‌ನಂಥ ಗಾಡಿಗಳಲ್ಲಿ ಒಂದೇ ಲಿವರ್ ಇರುವುದರಿಂದ ಈ ಜೋಡಿ ಸಿಗುವುದೇ ಇಲ್ಲ, ಅದೊಂದು ಕೊರತೆಯೇ ಎಂದು ಈಗಲೂ ನಮ್ಮ ಅಭಿಪ್ರಾಯ. ಲೈಟು ಹೊತ್ತ ಆ ಹೆಂಗಸು ಬಿದ್ದದ್ದೂ ಸುಳ್ಳಲ್ಲವಲ್ಲ.

ದಾರಿ ತೋರಿಸಿದವರು ಮತ್ತೆ ಉಸ್ತಾದರೇ. ನಮ್ಮ ಜೀಪಿಗೆ ಗುಳಿಗೆ ವಾಪಸು ಹಾಕಿಸಿ, ಮುಂದಿನ ಚಕ್ರಗಳಿಗೆ ಫ್ರೀ ವೀಲ್ ಹಬ್ ಹಾಕಿ ಎಂದರು. ಚಕ್ರದ ನಡುವಿನ ಈ ಹಬ್ಬನ್ನು ಕೈಯಿಂದ ತಿರುಗಿಸಿ 'ಫ್ರೀ' ಮಾಡಿದರೆ ಆಕ್ಸಲಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ. ಆಗ ಎರಡೂ ಲಿವರ್ ಹಾಕಿ ಲೋಗೆ ತಂದರೂ ಮುಂದಿನ ಚಕ್ರ ಎಳೆಯುವುದಿಲ್ಲ, ಸುಮ್ಮನೆ ಉರುಳುತ್ತದೆ, ಓಣಿಯಲ್ಲಿ ಸ್ಟೇರಿಂಗ್ ಬಿಗಿಯುವುದಿಲ್ಲ. ಪರಿಣಾಮ ನಾವು ಗುಳಿಗೆ ತೆಗೆದು ಪಡೆದದ್ದೇ. ಅಪಾಯವೂ ಅದೇ, ಫ್ರೀ ಇಟ್ಟು ಏರಿಗೆ ಹೋದರೆ ಕಮಲಾಪುರದ್ದೇ ಗತಿ. ಒಂದೇ ವ್ಯತ್ಯಾಸವೆಂದರೆ, ಹಬ್ಬಿನ ಮೇಲೆ ಅದು ಬರೆದಿರುತ್ತದೆ. ಗಾಡಿಯಿಂದ ಇಳಿದು, ಬಗ್ಗಿ, ಕೈಯಿಂದ ತಿರುಗಿಸಬೇಕು. ಬೀಗದ ಕೈ ಕೊಡುವವನು ಮರೆತರೂ ತೆಗೆದುಕೊಳ್ಳುವವನು ನೋಡಬಹುದು. 2007ರಲ್ಲಿ ಹಾಕಿಸಿದೆವು. ಲೈಟಿಂಗ್ ಅಣ್ಣಾನ ಕೆಲಸ ಮತ್ತೆ ಶುರುವಾಯಿತು, ಎಲ್‌ಇಡಿ ಲೈಟು ಬಂದು ತಲೆಯ ಮೇಲಿನ ಟ್ಯೂಬ್‌ಲೈಟೂ ದೊಡ್ಡ ಜನರೇಟರೂ ಬೇಡವಾಗುವವರೆಗೆ ನಡೆಯಿತು. ಅಣ್ಣಾ ಈಗಿಲ್ಲ, ಉಸ್ತಾದರೂ ಇಲ್ಲ.

ಡಬ್ಬಿಯಲ್ಲಿ ಒಂದು ಗುಳಿಗೆ ಉಳಿದಿದೆ. ಊರು ಕೇಳದೆ ಬಿಟ್ಟ ಆ ಜೀಪಿನದ್ದು. ಹಸಿರು ಬಣ್ಣ, ಎತ್ತರದ ಬಾನೆಟ್, ಹಿಂದೆ ಕ್ಯಾನ್ವಾಸ್ ಹೊದಿಕೆ. ಇಷ್ಟೇ ನೆನಪು. ಅಂಥ ಜೀಪುಗಳು ಇಷ್ಟು ವರ್ಷದಲ್ಲಿ ನಾಲ್ಕಾರು ಕೈ ಬದಲಾಗಿರುತ್ತವೆ, ಈಗ ಶೋಕಿಗೆಂದು ಪೇಟೆಯ ಹುಡುಗರೂ ಕೊಳ್ಳುತ್ತಾರೆ. ದಾರಿಯಲ್ಲಿ ಹಳೆಯ ಜೀಪು ಕಂಡರೆ ನಿಲ್ಲಿಸಿ, ಒಳಗೆ ಬಗ್ಗಿ ಲಿವರ್ ಮುಟ್ಟಲು ಅನುಮತಿ ಕೇಳುವ ಚಾಳಿ ನಮಗೆ ಅಂಟಿದೆ. ಕೆಲವರು ಹುಚ್ಚರೆಂದುಕೊಳ್ಳುತ್ತಾರೆ.

ಓದುಗರಲ್ಲಿ ಯಾರ ಬಳಿಯಾದರೂ ಎರಡು ಚಿಕ್ಕ ಲಿವರ್‌ಗಳ ಹಳೆಯ ಜೀಪು ಇದ್ದರೆ ಒಂದು ಕೆಲಸ ಮಾಡಿರಿ. ಸಪಾಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಬಂದ್ ಮಾಡಿ, ಕ್ಲಚ್ ಒತ್ತಿ. ಮುಂದಿನ ಆಕ್ಸಲಿನ ಲಿವರನ್ನು ಬಿಡಿಸಿ. ಈಗ ಇನ್ನೊಂದನ್ನು ಲೋ ಕಡೆಗೆ ಎಳೆಯಿರಿ. ತಡೆದು ನಿಂತರೆ ಸರಿ. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋದರೆ, ಗಾಡಿಯನ್ನು ಯಾರ ಕೈಗೂ ಕೊಡಬೇಡಿ. ಬ್ರಹ್ಮಪುರಕ್ಕೆ ತನ್ನಿ. ಗುಳಿಗೆ ನಮ್ಮ ಬಳಿ ಇದೆ, ಕೂಲಿ ಬೇಡ.